‘ಅಮ್ಮಾ, ನಾನು ಸಾಯ್ತೀನಾ?’ ಎಂದು ಮಗು ಕೇಳಿದಾಗ

ಪ್ರಶ್ನೆ: ಮಗಳಿಗೆ ಎಂಟು ವರ್ಷ. ರಕ್ತದ ಕ್ಯಾನ್ಸರ್ ಮತ್ತೆ ಬಂದಿದೆ. ಇನ್ನು ವಾಸಿಯಾಗುವುದು ಕಷ್ಟ ಎಂದಿದ್ದಾರೆ ಡಾಕ್ಟರು. ಮೊನ್ನೆ ರಾತ್ರಿ ‘ಅಮ್ಮಾ, ನಾನು ಸಾಯ್ತೀನಾ?’ ಅಂದಳು. ‘ಬಿಡ್ತು ಅನ್ನು’ ಎಂದು ಗದರಿಬಿಟ್ಟೆ. ಆಮೇಲೆ ಆ ಮಾತೇ ಎತ್ತಿಲ್ಲ. ಏನೂ ಹೇಳಬೇಡ ಅಂತಾರೆ ನಮ್ಮ ಯಜಮಾನರು. ಏನು ಮಾಡಲಿ?

ಉತ್ತರ: ಮತ್ತೆ ಕೇಳಲಿಲ್ಲ ಅಂದರೆ ಮರೆತಳು ಅಂತಲ್ಲ. ಅಮ್ಮ ಸಂಕಟಪಡ್ತಾಳೆ ಅಂತ ಸುಮ್ಮನಾಗಿರಬಹುದು. 1970ರ ದಶಕದಲ್ಲಿ ಅಮೆರಿಕದ ಸಂಶೋಧಕಿ ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ಇದೇ ಕಾಯಿಲೆಯ ಮಕ್ಕಳನ್ನು ಆಸ್ಪತ್ರೆಯಲ್ಲಿ ಹತ್ತಿರದಿಂದ ಗಮನಿಸಿದರು. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಮಕ್ಕಳಿಗೆ ಗೊತ್ತಾಗಿತ್ತು. ದೊಡ್ಡವರ ಮುಂದೆ ಮಾತ್ರ ಗೊತ್ತಿಲ್ಲದಂತೆ ಇರುತ್ತಿದ್ದರು.

ಕ್ಯಾನ್ಸರ್‌ನಿಂದ ಮಕ್ಕಳನ್ನು ಕಳೆದುಕೊಂಡ ಸ್ವೀಡನ್ನಿನ ತಂದೆತಾಯಂದಿರನ್ನು ಕೇಳಿ ನಡೆಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಸಾವಿನ ಬಗ್ಗೆ ಮಗುವಿನ ಜೊತೆ ಮಾತಾಡಿದ್ದ 147 ಮಂದಿಯಲ್ಲಿ ಒಬ್ಬರೂ ‘ಮಾತಾಡಬಾರದಿತ್ತು’ ಅನ್ನಲಿಲ್ಲ. ಮಾತಾಡದ 258 ಮಂದಿಯಲ್ಲಿ 69 ಮಂದಿಗೆ ‘ಮಾತಾಡಬೇಕಿತ್ತು’ ಎಂಬ ಕೊರಗು ಉಳಿದಿತ್ತು. ಉಳಿದವರಿಗೆ ಇರಲಿಲ್ಲ, ಅದೂ ನಿಜ. ಆದರೆ ನಿಮ್ಮ ಮಗಳು ಬಾಯಿಬಿಟ್ಟು ಕೇಳಿದ್ದಾಳೆ. ಹಾಗಾಗಿ ಮಾತಾಡಿ ಎಂದೇ ಹೇಳುತ್ತೇನೆ.

ಅವಳು ಚಿತ್ರ ಬರೆಯುತ್ತಿರುವಾಗ ಪಕ್ಕದಲ್ಲಿ ಕೂತ್ಕೊಳ್ಳಿ. ‘ಅವತ್ತು ನೀನೊಂದು ಮಾತು ಕೇಳಿದೆ. ನಂಗೆ ಭಯ ಆಗಿ ಗದರಿಬಿಟ್ಟೆ. ಯಾಕೆ ಹಾಗನ್ನಿಸ್ತು ಪುಟ್ಟಿ?’ ಎಂದು ಕೇಳಿ ಸುಮ್ಮನಿರಿ. ಈ ಸುಮ್ಮನಿರುವುದೇ ಕಷ್ಟ. ಅವಳ ಮನಸ್ಸಿನಲ್ಲಿ ಬೇರೆಯದೇ ಇರಬಹುದು: ನೋವಾಗುತ್ತಾ? ನೀನು ಜೊತೆಗಿರ್ತೀಯಾ? ನಾನು ಹಠ ಮಾಡಿದ್ದಕ್ಕೆ ಹೀಗಾಯ್ತಾ? ಕೊನೆಯದನ್ನು ಅವಳು ಕೇಳದಿದ್ದರೂ ನೀವೇ ಹೇಳಿ: ಇದು ಯಾರ ತಪ್ಪೂ ಅಲ್ಲ.

ನೇರವಾಗಿ ಕೇಳಿದರೆ ನೇರವಾಗಿಯೇ ಹೇಳಿ. ‘ಔಷಧಿ ಕೆಲಸ ಮಾಡ್ತಿಲ್ಲ ಕಂದಾ. ಹೌದು, ಸಾಯಬಹುದು. ನಾವು ನಿನ್ನ ಜೊತೇಲೇ ಇರ್ತೀವಿ. ನೋವಾದ್ರೆ ಹೇಳು, ಕಮ್ಮಿ ಮಾಡೋಕೆ ಔಷಧಿ ಇದೆ.’ ಇಷ್ಟು ಸಾಕು. ‘ನಿದ್ದೆ ಮಾಡಿದ ಹಾಗೆ’ ಅನ್ನಬೇಡಿ, ಮಲಗುವುದಕ್ಕೇ ಹೆದರಿಯಾಳು. ನಿಮಗೆ ಅಳು ಬಂದರೆ ಅಳಿ. ಅವಳು ಎರಡು ನಿಮಿಷ ಕೇಳಿ ‘ಆಟ ಆಡೋಣ್ವಾ?’ ಅಂದರೆ ಆಡಿ. ಮಕ್ಕಳು ಇಂಥದ್ದನ್ನು ಸ್ವಲ್ಪ ಸ್ವಲ್ಪವೇ ತೆಗೆದುಕೊಳ್ಳುತ್ತಾರೆ. ಬೇಡ ಅಂದರೆ ಒತ್ತಾಯ ಬೇಡ.

ಯಜಮಾನರ ಜೊತೆ ವಾದಕ್ಕಿಳಿಯಬೇಡಿ. ಇಬ್ಬರೂ ಡಾಕ್ಟರ ಹತ್ತಿರ ಕೂತು ಮಾತಾಡಿ. ಸದ್ಯಕ್ಕೆ ಒಂದಕ್ಕೆ ಅವರು ಒಪ್ಪಿದರೂ ಸಾಕು: ಮಗಳು ಕೇಳಿದರೆ ಸುಳ್ಳು ಹೇಳುವುದಿಲ್ಲ ಅಂತ. ಅವಳಿಗೆ ಏನು ಹೇಳಿದ್ದೀರಿ ಎಂದು ನರ್ಸ್‌ಗಳಿಗೂ ತಿಳಿಸಿ. ಮಧ್ಯರಾತ್ರಿ ಅವರನ್ನೇ ಕೇಳಿದರೂ ಕೇಳಿಯಾಳು.