ಮಗುವಿನ ಜೀವನಾಂಶ: ಕಾಲು ಭಾಗದ ಲೆಕ್ಕ ಎಲ್ಲಿಯದು?

ಪ್ರಶ್ನೆ: ಏಳು ವರ್ಷದ ಮಗಳ ಜೊತೆ ತವರುಮನೆಯಲ್ಲಿದ್ದೇನೆ. ನನ್ನ ಸಂಬಳ 30,000. ಯಜಮಾನರಿಗೆ ತೆರಿಗೆ, ಪಿಎಫ್ ಹೋಗಿ 60,000 ಬರುತ್ತದೆ. ‘ಸಾಲದ ಕಂತು ಕಟ್ಟಿ ಉಳಿಯೋದೇ 35,000, ಅದರ ಕಾಲು ಭಾಗ ಕೊಟ್ಟರೆ ಸಾಕು, ಕಾನೂನೇ ಹಾಗಿದೆ’ ಎನ್ನುತ್ತಾರೆ. ನಿಜವೇ?
– ಓದುಗರು, ವಿಜಯನಗರ

ಉತ್ತರ: ಅಂಥ ಕಾನೂನಿಲ್ಲವಮ್ಮ. ಮಗುವಿಗೆ ಸಂಬಳದ ಇಷ್ಟೇ ಪಾಲು ಎಂದು ಕರ್ನಾಟಕದಲ್ಲೂ ಇಲ್ಲ, ಕೇಂದ್ರದ ಕಾಯ್ದೆಯಲ್ಲೂ ಇಲ್ಲ. ಶೇ 25ರ ಮಾತು ಸುಪ್ರೀಂ ಕೋರ್ಟ್ ಹೆಂಡತಿಯ ಜೀವನಾಂಶದ ಬಗ್ಗೆ ಹೇಳಿದ್ದು. ಮಗುವಿನ ಮೊತ್ತ ಎರಡರ ಮೇಲೆ ನಿಲ್ಲುತ್ತದೆ: ಮಗುವಿನ ನಿಜವಾದ ಖರ್ಚು, ಇಬ್ಬರ ನಿಜವಾದ ಆದಾಯ. ತೆರಿಗೆ, ಪಿಎಫ್‌ನಂಥ ಕಡ್ಡಾಯ ಕಡಿತವನ್ನು ಕೋರ್ಟು ಒಪ್ಪುತ್ತದೆ; ತಾವಾಗಿ ಮಾಡಿಕೊಂಡ ಸಾಲದ ಕಂತನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹಾಗಾಗಿ ಲೆಕ್ಕ ಶುರುವಾಗುವುದು 60,000ದಿಂದ.

ನೀವು ದುಡಿಯುತ್ತೀರಿ ಎಂದು ಮಗಳ ಹಕ್ಕು ಹೋಗುವುದಿಲ್ಲ, ಖರ್ಚು ಹಂಚಿಕೆಯಾಗುತ್ತದೆ ಅಷ್ಟೆ. ಉದಾಹರಣೆಗೆ ಶಾಲೆ ಫೀಸು ವರ್ಷಕ್ಕೆ 96,000 ಎಂದರೆ ತಿಂಗಳಿಗೆ 8,000, ವ್ಯಾನು 2,000, ಊಟ, ಹಾಲು, ಬಟ್ಟೆ 6,000, ಔಷಧಿ 1,000, ನೀವು ಆಫೀಸಿಗೆ ಹೋದಾಗ ನೋಡಿಕೊಳ್ಳುವವರಿಗೆ 4,000. ಒಟ್ಟು 21,000. ಆದಾಯ 2:1 ಇರುವುದರಿಂದ ಅವರ ಪಾಲು 14,000. ಇದು ಸೂತ್ರವಲ್ಲ, ಆದರೆ ರಸೀದಿಗಳ ಸಮೇತ ಹೀಗೆ ಇಟ್ಟರೆ ನ್ಯಾಯಾಧೀಶರಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆ. ‘ತಿಂಗಳಿಗೆ 25,000 ಕೊಡಿಸಿ’ ಎಂದು ಬರಿಗೈಲಿ ಕೇಳಿದ ಅರ್ಜಿಗಳೇ ಹೆಚ್ಚು ಸೊರಗುವುದು. ಮೇ-ಜೂನ್‌ನಲ್ಲಿ ಒಟ್ಟಿಗೆ ಬಂದು ಬೀಳುವ ಯೂನಿಫಾರ್ಮು, ಪುಸ್ತಕದ ಖರ್ಚನ್ನೂ ವರ್ಷವರ್ಷದ ಏರಿಕೆಯನ್ನೂ ಅರ್ಜಿಯಲ್ಲೇ ಕೇಳಿ. ಮರೆತರೆ ಮೊತ್ತ ಹೆಚ್ಚಿಸಲು ಮತ್ತೆ ಬೇರೆ ಅರ್ಜಿ ಹಾಕಬೇಕಾದೀತು.

ವಿಚ್ಛೇದನದ ಕೇಸು ಇರಲೇಬೇಕೆಂದಿಲ್ಲ. ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿರುವ ಕೌಟುಂಬಿಕ ನ್ಯಾಯಾಲಯದಲ್ಲಿ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 144ರಡಿ (ಹಳೆಯ ಸಿಆರ್‌ಪಿಸಿ 125) ಅರ್ಜಿ ಹಾಕಿ, ಜೊತೆಗೇ ಮಧ್ಯಂತರ ಜೀವನಾಂಶ (ಕೇಸು ಮುಗಿಯುವವರೆಗಿನದು) ಕೇಳಿ. ನೋಟಿಸ್ ತಲುಪಿದ 60 ದಿನದೊಳಗೆ ಆದಷ್ಟು ಮಟ್ಟಿಗೆ ಅದನ್ನು ತೀರ್ಮಾನಿಸಬೇಕು. ಕೆಲಸ ಕೆಡುವುದು ಆ ನೋಟಿಸಿನಲ್ಲೇ: ಮನೆ ಖಾಲಿ ಮಾಡಿದ್ದಾರೆಂದು ಲಕೋಟೆ ವಾಪಸ್ ಬರುತ್ತದೆ, ತಿಂಗಳುಗಳು ಹೋಗುತ್ತವೆ. ಆಫೀಸಿನ ವಿಳಾಸವನ್ನೂ ಕೊಡಿ.

ಸುಪ್ರೀಂ ಕೋರ್ಟಿನ 2020ರ ರಜನೀಶ್-ನೇಹಾ ತೀರ್ಪಿನಂತೆ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಸಲ್ಲಿಸಲೇಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕ. ಅದಕ್ಕೆ ಹಿಂದಿನ ತಿಂಗಳುಗಳು ಸಾಮಾನ್ಯವಾಗಿ ಕೈಬಿಟ್ಟಂತೆ. ದಯವಿಟ್ಟು ಹಬ್ಬ ಕಳೆಯಲಿ ಎಂದು ಕಾಯಬೇಡಿ. ಹೆಂಗಸರಿಗೂ ಮಕ್ಕಳಿಗೂ ಸಂಬಳ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ.

ಪ್ರಶ್ನೆ: ಇದೇ ಕಲಂ 144ರಡಿ ಜೀವನಾಂಶದ ಆದೇಶವಾಗಿ 10 ತಿಂಗಳಾಯಿತು, ಒಂದು ರೂಪಾಯಿಯೂ ಬಂದಿಲ್ಲ.
– ಓದುಗರು, ಯಲಹಂಕ

ಉತ್ತರ: ಈ ವಾರವೇ ವಸೂಲಿ ಅರ್ಜಿ ಹಾಕಿ. ಪ್ರತಿ ತಿಂಗಳ ಬಾಕಿಗೂ ಅದು ಬಾಕಿಯಾದ ದಿನದಿಂದ 1 ವರ್ಷದೊಳಗೆ ಕೇಳಿದರೆ ಮಾತ್ರ ಈ ಕಲಮಿನಡಿ ವಾರಂಟ್ ಹೊರಡುತ್ತದೆ. ಇನ್ನೆರಡು ತಿಂಗಳು ಬಿಟ್ಟರೆ ಮೊದಲ ಕಂತು ಜಾರುತ್ತದೆ. ಕೊಡದವರು ಅದಕ್ಕಾಗಿ ಜೈಲಿಗೆ ಹೋಗಿಬಂದರೂ ಬಾಕಿ ತೀರುವುದಿಲ್ಲ, ಕೊಡಲೇಬೇಕು.