ತಿಳಿ ನೀರು ಬಿಟ್ಟರೂ ಕೆರೆ ಯಾಕೆ ಹಸಿರಾಗುತ್ತದೆ?

ಪ್ರಶ್ನೆ: ಸಂಸ್ಕರಿಸಿದ ಚರಂಡಿ ನೀರನ್ನು ಜೌಗಿನಲ್ಲಿ ಹಾಯಿಸಿ ಕೆರೆಗೆ ಬಿಡುತ್ತಿದ್ದಾರೆ. ನೀರು ತಿಳಿಯಾಗಿದೆ, ನಾತವೂ ಇಲ್ಲ. ಆದರೂ ಕೆರೆ ಹಸಿರಾಗಿದೆ. ಜೌಗಿನಲ್ಲಿದ್ದ ಬೇರೆ ಗಿಡಗಳೆಲ್ಲ ಹೋಗಿ ಆಪು (ಎತ್ತರಕ್ಕೆ ಬೆಳೆಯುವ ಜೊಂಡು) ಒಂದೇ ಉಳಿದಿದೆ. ಯಾಕೆ ಹೀಗೆ?

ಉತ್ತರ: ಉಪ್ಪು ಕರಗಿದ ನೀರೂ ತಿಳಿಯಾಗೇ ಕಾಣುತ್ತದೆ, ಅಲ್ವಾ? ಸಾಮಾನ್ಯ ಶುದ್ಧೀಕರಣ ಘಟಕದಲ್ಲಿ ಕೊಳೆಯುವ ಕಸ ಹೋಗುತ್ತದೆ, ಸಾರಜನಕ ಮತ್ತು ರಂಜಕ ಬಹಳಷ್ಟು ಉಳಿದುಬಿಡುತ್ತವೆ. ಅಂದರೆ ಕೆರೆಗೆ ಹೋಗ್ತಿರೋದು ತೆಳು ಗೊಬ್ಬರದ ನೀರು. ಅನುಮಾನ ಇದ್ದರೆ ಆ ನೀರನ್ನು ಗಾಜಿನ ಬಾಟಲಿಗೆ ತುಂಬಿ, ಒಂದು ಚಮಚ ಕೆರೆ ನೀರು ಬೆರೆಸಿ, ಬಿಸಿಲು ಬೀಳುವ ಕಿಟಕಿಯಲ್ಲಿಡಿ. ಸ್ವಲ್ಪ ದಿನಕ್ಕೆ ಗಾಜಿನ ಒಳಗೆ ಹಸಿರು ಪೊರೆ ಕಟ್ಟುತ್ತದೆ. ಪಾಚಿ ಉಕ್ಕೋಕೆ ಲೀಟರಿಗೆ 0.03 ಮಿಲಿಗ್ರಾಂ ಆಸುಪಾಸಿನ ರಂಜಕ ಸಾಕು. ರಂಜಕ ತೆಗೆಯುವ ಏರ್ಪಾಡಿಲ್ಲದ ಘಟಕದ ನೀರಲ್ಲಿ ಲೀಟರಿಗೆ ಕೆಲವು ಮಿಲಿಗ್ರಾಂನಷ್ಟು ಇರುತ್ತದೆ! ಅಮೆರಿಕದ ಸಿಯಾಟಲ್‌ನ ವಾಷಿಂಗ್ಟನ್ ಸರೋವರವೂ ಹೀಗೇ ಹಸಿರಾಗಿತ್ತು. 1963ರಿಂದ 1968ರೊಳಗೆ ಸಂಸ್ಕರಿಸಿದ ನೀರನ್ನೆಲ್ಲ ಬೇರೆ ಕಡೆ ತಿರುಗಿಸಿದರು, ಕೆಲವೇ ವರ್ಷಗಳಲ್ಲಿ ಸರೋವರ ತಿಳಿಯಾಯಿತು.

ಇನ್ನು ಆಪು. ಬಡ ಮಣ್ಣಿಗೆ ಒಗ್ಗಿದ ಸಣ್ಣ ಗಿಡಗಳು ನಿಧಾನಕ್ಕೆ ಬೆಳೆಯುವಂಥವು, ಆಪು ಆಳೆತ್ತರ ಮೀರಿ ಎದ್ದು ಅವಕ್ಕೆ ಬಿಸಿಲೇ ಸಿಗದ ಹಾಗೆ ಮಾಡುತ್ತದೆ. ಅದರ ಒಂದು ಎಲೆಯನ್ನು ಅಡ್ಡಕ್ಕೆ ಕೊಯ್ದು ನೋಡಿ, ಒಳಗೆ ಸಾಲಾಗಿ ಟೊಳ್ಳು ಕೋಣೆಗಳಿವೆ. ಗಾಳಿ ಆ ದಾರಿಯಲ್ಲೇ ಬೇರಿಗಿಳಿಯುವುದರಿಂದ ಉಸಿರುಕಟ್ಟುವ ಕೆಸರಲ್ಲೂ ಅದು ಆರಾಮಾಗಿರುತ್ತದೆ. ಮಿಷಿಗನ್‌ನ ಹೋಟನ್ ಲೇಕ್ ಬಳಿಯ ಜೌಗಿಗೆ 1978ರಿಂದ ಇಂಥ ನೀರು ಬಿಟ್ಟಾಗಲೂ ನೀರು ಹರಿದ ಜಾಗವನ್ನು ಆಪು ಹಿಡಿದುಕೊಂಡಿತು.

ಜೌಗು ಸುಮ್ನೆ ಕೂತಿಲ್ಲ. ಕೆಸರಿನ ಸೂಕ್ಷ್ಮಾಣುಗಳು ನೈಟ್ರೇಟನ್ನು, ಅಂದರೆ ನೀರಲ್ಲಿ ಕರಗಿದ ಸಾರಜನಕದ ಒಂದು ರೂಪವನ್ನು, ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ರಂಜಕಕ್ಕೆ ಮಾತ್ರ ಆ ದಾರಿ ಇಲ್ಲ, ಅದು ಕೆಸರಲ್ಲೋ ಗಿಡದಲ್ಲೋ ಕೂರಬೇಕು. ಆಪನ್ನು ಕೊಯ್ದು ಹೊರಗೆ ಸಾಗಿಸಿದರೆ ಒಂದಿಷ್ಟು ಹೋಗುತ್ತದೆ, ಅಲ್ಲೇ ಒಣಗಿ ಕೊಳೆಯಲು ಬಿಟ್ಟರೆ ಅದರಲ್ಲಿ ಬಹುಪಾಲು ವಾಪಸ್ ನೀರಿಗೇ. ಹಾಗಂತ ಕೊಯ್ಲು ಒಂದರಿಂದಲೇ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳಲಾರೆ, ಘಟಕದಲ್ಲೇ ರಂಜಕ ತೆಗೆಯಬೇಕು.

ಜೌಗಿಗೆ ನೀರು ಬರುವಲ್ಲಿ ಒಂದು, ಹೊರಡುವಲ್ಲಿ ಒಂದು, ಎರಡೂ ಕಡೆ ರಂಜಕದ ಪರೀಕ್ಷೆ ಮಾಡಿಸಿ, ಅದೂ ಬೇರೆ ಬೇರೆ ತಿಂಗಳಲ್ಲಿ. ಹೊರಡುವಲ್ಲೇ ಮತ್ತೆ ಮತ್ತೆ ಜಾಸ್ತಿ ಬಂದರೆ, ಹಳೆಯ ಕೆಸರು ಹಿಡಿದಿಟ್ಟಿದ್ದನ್ನು ಈಗ ಬಿಟ್ಟುಕೊಡುತ್ತಿದೆ ಅಂತ ಅರ್ಥ.