ಬೋಟ್ ಬಂದ್ ನಮಗೆ ಮಾತ್ರನಾ?

ಪ್ರಶ್ನೆ: ಮೇಷ್ಟ್ರೇ, ಮುಳಬಾಗಿಲಿನಲ್ಲಿ ನನ್ನದು ಮೀನಿನಂಗಡಿ. ಮಾಲು ಬರುವುದು ಚೆನ್ನೈನಿಂದ. ಏಪ್ರಿಲ್ ಮಧ್ಯ ಬಂತೆಂದರೆ ಬೋಟ್ ಬಂದ್ ಅಂತಾರೆ. ವಂಜರಂ ರೇಟು ಕೇಳಿ ಗಿರಾಕಿಗಳು ಕೋಳಿ ಅಂಗಡಿ ಕಡೆ ತಿರುಗುತ್ತಾರೆ. ನಾವು ಹಿಡಿಯುವುದು ನಿಲ್ಲಿಸಿದರೆ ಬಾಂಗ್ಲಾದೇಶ, ಶ್ರೀಲಂಕಾದವರು ಹಿಡಿಯಲ್ವಾ? ಸಮುದ್ರಕ್ಕೇನು ಬೇಲಿ ಇದೆಯಾ?

ಉತ್ತರ: ನಿಮ್ಮ ಅನುಮಾನ ಸುಮ್ನೆ ಬಂದಿದ್ದಲ್ಲ. ತಮಾಷೆ ಏನು ಗೊತ್ತಾ? ಇದೇ ದೂರನ್ನು ಬಾಂಗ್ಲಾದೇಶದ ಮೀನುಗಾರರು ನಮ್ಮ ಮೇಲೆ ಹೇಳುತ್ತಿದ್ದರು.

ನಮ್ಮ ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, 61 ದಿನ ಯಂತ್ರದ ಬೋಟುಗಳಿಗೆ ರಜೆ. ಅದು ಮೀನು ಮೊಟ್ಟೆ ಇಡುವ ಕಾಲ. ಕಳೆದ ಮಾರ್ಚ್‌ನಲ್ಲಿ ಇಲ್ಲಿ ಚಿಂತಾಮಣಿಯಲ್ಲಿ ಬಂಗುಡೆ ತಂದು ಸೀಳಿದರೆ ಹೊಟ್ಟೆ ತುಂಬ ಹಳದಿ ಮೊಟ್ಟೆ. ಮನೆಯವರು ಅದನ್ನೇ ಮೊದಲು ಹುರಿದರು. ರುಚಿಯಾಗಿತ್ತು, ಸುಳ್ಳು ಯಾಕೆ ಹೇಳಲಿ! ಆದರೆ ಸಮುದ್ರದಲ್ಲೇ ಇದ್ದಿದ್ದರೆ ಅವು ಸಾವಿರಾರು ಮರಿ.

ಬಾಂಗ್ಲಾದೇಶದ ರಜೆ ಮೇ 20ರಿಂದ ಜುಲೈ 23ರವರೆಗೆ ಇತ್ತು. ಅಂದರೆ ಜೂನ್ ಮಧ್ಯದಿಂದ ನಮ್ಮ ಬೋಟುಗಳು ನೀರಿಗೆ, ಅವರ ಬೋಟುಗಳು ದಡಕ್ಕೆ. ನಾವು ಕಟ್ಟಿ ಹಾಕಿಕೊಂಡು ಕೂತಿರುವಾಗ ಭಾರತದವರು ಬಂದು ಬಳಿದುಕೊಂಡು ಹೋಗುತ್ತಾರೆ ಅಂತ ಅವರ ಗೋಳು. ಕಡೆಗೆ 2025ರಲ್ಲಿ ಅವರು ದಿನ ಬದಲಿಸಿ ಏಪ್ರಿಲ್ 15ರಿಂದ ಜೂನ್ 11 ಅಂತ ಮಾಡಿಕೊಂಡರು.

ಇನ್ನು ಬೇಲಿ ವಿಚಾರ. ಬೇಲಿ ಇಲ್ಲ, ಗೆರೆ ಇದೆ. ದಡದಿಂದ 200 ನಾಟಿಕಲ್ ಮೈಲಿವರೆಗೆ ಮೀನಿನ ಹಕ್ಕು ಆಯಾ ದೇಶದ್ದು. ದೇಶಗಳು ಹತ್ತಿರ ಇದ್ದರೆ ನಡುವೆ ಪಾಲು ಮಾಡಿಕೊಳ್ಳಬೇಕು. ಬಾಂಗ್ಲಾದೇಶದ ಜೊತೆಗಿನ ಗೆರೆ ಜಗಳ ಹೇಗ್‌ನ ನ್ಯಾಯಮಂಡಳಿಯಲ್ಲಿ 2014ರಲ್ಲಿ ತೀರಿತು. ತಕರಾರಿದ್ದ 25,602 ಚದರ ಕಿಲೋಮೀಟರ್‌ನಲ್ಲಿ 19,467 ಅವರ ಪಾಲಾಯಿತು, ನಾವು ಒಪ್ಪಿಕೊಂಡೆವು. (ನಮ್ಮ ಕಡೆ ಒಂದು ಬದುವಿನ ಕೇಸು ಮೂರು ತಲೆಮಾರು ನಡೆಯುತ್ತದೆ!) ಗೆರೆ ಬಿದ್ದು 11 ವರ್ಷದ ಮೇಲೆ ರಜೆಯ ದಿನ ಹೊಂದಿತು. ನನ್ನ ಕೇಳಿದರೆ ಮೀನಿಗೆ ಜಾಸ್ತಿ ಉಪಕಾರವಾಗಿದ್ದು ಈ ಎರಡನೆಯದರಿಂದ.

ಶ್ರೀಲಂಕಾ ಕತೆ ಬೇರೆ. ಅಲ್ಲಿ ತಪ್ಪು ನಮ್ಮ ಕಡೆಯದೇ ಜಾಸ್ತಿ. ತಮಿಳುನಾಡಿಗೂ ಶ್ರೀಲಂಕಾಗೂ ನಡುವಿನ ಪಾಕ್ ಕೊಲ್ಲಿಗೆ ಹೋಗುವ ತಮಿಳುನಾಡಿನ ಟ್ರಾಲರ್ ಬಲೆ ನೋಡಿ: ಬಾಯಿ ಅಗಲ ಇರಲಿ ಅಂತ ಎರಡೂ ಪಕ್ಕ ಭಾರದ ಹಲಗೆ, ಕೆಳಗೂ ಭಾರ. ಬೋಟ್ ಎಳೆದ ಹಾಗೆ ತಳ ಕೆರೆದುಕೊಂಡು ಬರುತ್ತದೆ. ಸಿಗಡಿ ಜೊತೆ ಮರಿಮೀನು, ಸಮುದ್ರದ ಹುಲ್ಲು ಎಲ್ಲ ಬಲೆಗೆ. ಶ್ರೀಲಂಕಾ 2017ರಲ್ಲಿ ಈ ಬಲೆಯನ್ನು ಕಾನೂನು ಮಾಡಿ ನಿಷೇಧಿಸಿತು. ನಮ್ಮ ಟ್ರಾಲರ್‌ಗಳು ಗೆರೆ ದಾಟಿ ಹೋದಾಗ ಏಟು ಬೀಳುವುದು ಅಲ್ಲಿನ ಉತ್ತರ ಭಾಗದ ಸಣ್ಣ ದೋಣಿಯವರಿಗೆ. ಅವರೂ ತಮಿಳರೇ. ನಮ್ಮ ಪೇಪರ್‌ನಲ್ಲಿ ಬರುವುದು ನಮ್ಮವರ ಬಂಧನದ ಸುದ್ದಿ ಮಾತ್ರ, ಅವರ ಹರಿದ ಬಲೆಯ ಸುದ್ದಿ ಬರುವುದು ಅಪರೂಪ.

ಟ್ರಾಲರ್ ಬಿಟ್ಟು ಆಳಸಮುದ್ರದ ಟ್ಯೂನಾ ಬೋಟಿಗೆ ಬನ್ನಿ ಅಂತ ಅದೇ 2017ರಲ್ಲಿ ನಮ್ಮ ಸರ್ಕಾರ ಯೋಜನೆ ತಂತು. 80 ಲಕ್ಷದ ಬೋಟಿಗೆ ಶೇ. 70 ಸಬ್ಸಿಡಿ. ಆದರೂ ಉಳಿದ ಸಾಲ, ಡೀಸೆಲ್ ಖರ್ಚು, ವಾರಗಟ್ಟಲೆ ಸಮುದ್ರವಾಸ. ನಿರೀಕ್ಷಿಸಿದಷ್ಟು ಜನ ಬರಲಿಲ್ಲ. ಭಾರತ, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್ ಸೇರಿದ ಮೀನುಗಾರಿಕೆ ಸಂಸ್ಥೆಯೊಂದು ಚೆನ್ನೈನಲ್ಲೇ ಇದೆ. ಅದು ಸಲಹೆ ಕೊಡಬಹುದು, ಬೋಟ್ ತಡೆಯಲಾರದು.

ಈಗ ನಿಮ್ಮ ವ್ಯಾಪಾರಕ್ಕೆ ಬರೋಣ. ನಮ್ಮ ಪಶ್ಚಿಮ ಕರಾವಳಿಯ ರಜೆ ಜೂನ್ 1ರಿಂದ ಜುಲೈ 31. ಹಾಗಾಗಿ ಮೇ ಕೊನೆವರೆಗೆ ಮಲ್ಪೆ, ಮಂಗಳೂರು ಕಡೆಯ ಮಾಲಿಗೆ ಹೇಳಿಡಿ. ಜೂನ್ ಮೊದಲ ಎರಡು ವಾರ ಎರಡೂ ಕಡೆ ಬಂದ್. ಆ ದಿನಗಳಿಗೆ ಕೆರೆ ಗುತ್ತಿಗೆ ಹಿಡಿದವರ ಹತ್ತಿರ ಕಟ್ಲಾ, ರೋಹು ಈಗಲೇ ಮಾತಾಡಿಕೊಳ್ಳಿ. ಅಡ್ವಾನ್ಸ್ ಸ್ವಲ್ಪವೇ ಕೊಡಿ.